ಅಂಗೈ ಮೇಲೆ ಒಂದು ಉಸಿರು

ಜುಲೈ ತಿಂಗಳ ರಾತ್ರಿ. ಎಲ್ಲೋ ಅಕೇಶಿಯಾ ಮರ ಲೈನ್ ಮೇಲೆ ಬಿದ್ದು ಸಂಜೆಯಿಂದಲೇ ಕರೆಂಟ್ ಇರಲಿಲ್ಲ. ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದವಳಿಗೆ ಅದು ಎರಡನೇ ಹೆರಿಗೆ. ಕಾರವಾರದ ಜಿಲ್ಲಾಸ್ಪತ್ರೆ ಒಂದು ತಾಸಿನ ದಾರಿ, ಅಷ್ಟು ಹೊತ್ತು ಕಾಯುವ ಹಾಗಿರಲಿಲ್ಲ. ಕೂಸು ಹುಟ್ಟಿತು, ಅಳಲಿಲ್ಲ. ಒರೆಸಿದೆ, ಬೆನ್ನು ತಿಕ್ಕಿದೆ, ಆದರೂ ಇಲ್ಲ. ಕೈಯಿಂದ ಹಿಚುಕಿ ಉಸಿರು ಕೊಡುವ ಅಂಬು ಬ್ಯಾಗ್ ಎತ್ತಿ, ಅದರ ಮಾಸ್ಕನ್ನು ಕೂಸಿನ ಮುಖಕ್ಕೆ ಇಟ್ಟು ಒತ್ತಿದರೆ ಎದೆ ಏಳುತ್ತಲೇ ಇಲ್ಲ. ಮಾಸ್ಕಿನ ಅಂಚು ಹಳತಾಗಿ ಬಿರುಸಾಗಿತ್ತು, ಕೆನ್ನೆಯ ಪಕ್ಕದಿಂದ ಗಾಳಿ ಸೋರುತ್ತಿತ್ತು. ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ ಆಶಾ ಕಾರ್ಯಕರ್ತೆ ಅದನ್ನು ಅಜ್ಜಿಯ ಕೈಗೆ ಕೊಟ್ಟು ಬಂದಳು. ನಾನು ಎರಡೂ ಕೈಯಿಂದ ಮಾಸ್ಕ್ ಅದುಮಿ ಹಿಡಿದೆ, ಅವಳು ಬ್ಯಾಗ್ ಹಿಚುಕಿದಳು. ಆಗ ಎದೆ ಎದ್ದಿತು. ಸ್ವಲ್ಪ ಹೊತ್ತಿಗೆ ಕೂಸು ಮುಖ ಸಿಂಡರಿಸಿ ಅತ್ತಿತು.

ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಲು ಶುರುಮಾಡಬೇಕು ಎಂದು ತರಬೇತಿಯಲ್ಲಿ ಕಲಿಸುತ್ತಾರೆ. ಆ ನಿಮಿಷದ ಬಹುಪಾಲು ಒಂದು ರಬ್ಬರ್ ಅಂಚಿಗೆ ಹೋಯಿತಲ್ಲ ಎಂಬ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ.

ನಾನು ಅಂಕೋಲಾ ಕುಮಟಾ ನಡುವಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ದುಡ್ಡು ಎತ್ತುವ ಕೆಲಸ ನನ್ನದಲ್ಲ, ಗೊತ್ತೂ ಇರಲಿಲ್ಲ. ಮೊದಲು ಮಾಡಿದ್ದು ತಪ್ಪೇ. ಹೆರಿಗೆ ಕೋಣೆಗೆ ಬೇಕಾದ ಇಪ್ಪತ್ತೆರಡು ಸಾಮಾನಿನ ಪಟ್ಟಿ ಬರೆದು, ಡಾಕ್ಟರ ಸಹಿ ಹಾಕಿಸಿ, ಊರಿನ ಅನುಕೂಲಸ್ಥರಿಗೆಲ್ಲ ಹಂಚಿದೆ. ಎಲ್ಲರೂ ಮರ್ಯಾದೆಯಿಂದ ತೆಗೆದುಕೊಂಡರು, ನೋಡೋಣ ಎಂದರು. ಅಲ್ಲಿಗೆ ಮುಗಿಯಿತು. ರೇಡಿಯಂಟ್ ವಾರ್ಮರ್, ಸಕ್ಷನ್, ಫೀಟಲ್ ಡಾಪ್ಲರ್ ಎಂದು ಓದಿದವರಿಗೆ ಅದರಿಂದ ಏನಾಗುತ್ತದೆ ಎಂದು ಕಣ್ಣಿಗೆ ಕಟ್ಟಬೇಕಲ್ಲ.

ಇನ್ನೊಂದು ತಪ್ಪನ್ನು ಡಾಕ್ಟರು ತಡೆದರು. ಜನರ ಹತ್ತಿರ ಹೋಗುವ ಮೊದಲು ಇಲಾಖೆಗೆ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿ, ಬರುವುದೆಷ್ಟು, ಬಾರದ್ದೆಷ್ಟು ಬರವಣಿಗೆಯಲ್ಲಿ ಕೇಳಿ ಎಂದರು. ಕೇಳಿದೆವು. ಔಷಧಿ ಬರುತ್ತಿತ್ತು, ಕೆಲವು ಸಾಮಾನು ಸರದಿಯಲ್ಲಿದ್ದವು. ಉಳಿದದ್ದಕ್ಕಷ್ಟೇ ನಾವು ಕೈಯೊಡ್ಡಿದ್ದು. ‘ಸರ್ಕಾರ ಕೊಡಬೇಕಾದ್ದಕ್ಕೆ ನಾವ್ಯಾಕೆ ಕೊಡಬೇಕು?’ ಎಂದು ಒಬ್ಬ ನಿವೃತ್ತ ಮಾಸ್ತರರು ಕೇಳಿದಾಗ ಆ ಕಾಗದದ ಪ್ರತಿಯನ್ನೇ ಅವರ ಮುಂದಿಟ್ಟೆ. ಅವರ ಪ್ರಶ್ನೆ ನ್ಯಾಯದ್ದು, ನನಗೂ ಅದೇ ಪ್ರಶ್ನೆ ಇದೆ. ಆದರೆ ಸರದಿ ಬರುವ ತನಕ ಹೆರಿಗೆ ನಿಲ್ಲುವುದಿಲ್ಲ.

ಆಮೇಲೆ ಪಟ್ಟಿ ಬಿಟ್ಟೆ. ನಮ್ಮ ಅಂಬು ಬ್ಯಾಗನ್ನೇ ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಸ್ವಸಹಾಯ ಸಂಘದ ಸಭೆಗೆ, ಮೀನು ಪೇಟೆಗೆ ಹೋಗತೊಡಗಿದೆ. ಅಂಗೈ ಚಾಚಿ ಎಂದು ಹೇಳಿ ಮಾಸ್ಕನ್ನು ಅಂಗೈಗೆ ತಾಗಿಸಿ ಮೆಲ್ಲಗೆ ಹಿಚುಕುತ್ತಿದ್ದೆ. ಮೀನು ಮಾರುವ ಒಬ್ಬ ಅಮ್ಮ ಕೈ ಒರೆಸಿಕೊಂಡು ಅಂಗೈ ಕೊಟ್ಟಳು. ಗಾಳಿ ತಾಗಿದ್ದೇ, ‘ಇಷ್ಟೇ ಸಾಕಾ ಕೂಸಿಗೆ?’ ಅಂದಳು. ಸಾಕು, ಹೆಚ್ಚಾದರೆ ಶ್ವಾಸಕೋಶಕ್ಕೆ ಪೆಟ್ಟು, ನಿಮಿಷಕ್ಕೆ 40ರಿಂದ 60 ಸಲ ಇಷ್ಟಿಷ್ಟೇ ಕೊಡಬೇಕು ಎಂದೆ. ಅವಳು ಬ್ಯಾಗ್ ಇಸಿದುಕೊಂಡು ತಾನೇ ನಾಲ್ಕು ಸಲ ಹಿಚುಕಿ ನೋಡಿ, ‘ನನ್ನ ಮೊದ್ಲಿನ ಗಂಡು ಅಳ್ಲೇ ಇಲ್ಲ’ ಎಂದಳು. ಬೇರೆ ಏನೂ ಹೇಳಲಿಲ್ಲ. ಸೊಂಟದ ಚೀಲದಿಂದ ನೂರು ರೂಪಾಯಿ ತೆಗೆದು ಕೊಟ್ಟು, ಪಕ್ಕದವಳಿಗೆ ಅಂಗೈ ಚಾಚು ಎಂದಳು. ಆ ದಿನ ಪೇಟೆಯಲ್ಲಿ ಸೇರಿದ್ದು 3,460 ರೂಪಾಯಿ, ಎಲ್ಲ ಒದ್ದೆ ನೋಟು. ಹೊಸ ಅಂಬು ಬ್ಯಾಗ್ ಬಂತು, ಜೊತೆಗೆ ತಿಂಗಳು ತುಂಬಿದ ಕೂಸಿಗೆ 1ನೇ ಸೈಜಿನ ಮಾಸ್ಕ್, ತುಂಬದ ಕೂಸಿಗೆ ಸೊನ್ನೆಯದು.

ಹಣ ಒಂದು ಪೈಸೆಯೂ ನನ್ನ ಕೈಲಿ ಉಳಿಯಬಾರದು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅದರದೇ ಬ್ಯಾಂಕ್ ಖಾತೆ ಇದೆ, ಎಲ್ಲವೂ ಅಲ್ಲಿಗೇ. ಹತ್ತು ರೂಪಾಯಿಗೂ ರಸೀದಿ. ಪರಿಚಯದವರೊಬ್ಬರು ಸಲಿಗೆಯಿಂದ ನನ್ನ ಫೋನ್‌ಪೇಗೆ ಹಾಕಿದ್ದನ್ನು ವಾಪಸ್ ಕಳಿಸಿ, ಸಮಿತಿಯ ಕ್ಯೂಆರ್ ಕೊಟ್ಟೆ. ಮೂರು ಕಡೆಯ ಕೊಟೇಶನ್, ಬಿಲ್ಲು, ಉಳಿದ ಮೊತ್ತ ಎಲ್ಲವನ್ನೂ ಹೊರಗಿನ ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಎರಡನೇ ಸಲ ಕೇಳಲು ಹೋದಾಗ ನನಗಿಂತ ಮೊದಲು ಆ ಬೋರ್ಡೇ ಮಾತಾಡಿತ್ತು.

ಕೇಳುವುದಕ್ಕೂ ಕಾಲ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬಂದರಿನ ಮನೆಗಳಲ್ಲಿ ಸಾಲದ ಮಾತೇ ಇರುತ್ತದೆ, ಕೇಳಬಾರದು. ಚೌತಿ ಹಬ್ಬಕ್ಕೆ ಮುಂಬೈ, ಗೋವಾ, ಬೆಂಗಳೂರಿನಿಂದ ಊರಿನವರೆಲ್ಲ ಬಂದಿರುತ್ತಾರೆ. ಕೂಸನ್ನು ಬೆಚ್ಚಗಿಡುವ ವಾರ್ಮರಿನ ಹಣದ ದೊಡ್ಡ ಪಾಲು ಹುಟ್ಟಿದ್ದು ಆ ಹಬ್ಬದ ದಿನಗಳಲ್ಲಿ. ಘಟ್ಟದ ಮೇಲೆ ಶಿರಸಿ ಕಡೆಯ ಅಡಿಕೆ ತೋಟದವರನ್ನು ಕೇಳುವುದಾದರೆ ಅಡಿಕೆ ಮಾರಾಟವಾದ ಮೇಲೆ.

ಕಷ್ಟವಾದದ್ದು ಬೇಡ ಅನ್ನುವುದು. ಮುಚ್ಚಿಹೋದ ಒಂದು ನರ್ಸಿಂಗ್ ಹೋಮಿನ ಹಳೆಯ ವಾರ್ಮರನ್ನು ಒಬ್ಬರು ತಮ್ಮ ಖರ್ಚಿನಲ್ಲೇ ತಂದಿಳಿಸಲು ಬಂದರು. ನೋಡಿದೆ. ಕೂಸಿನ ಚರ್ಮಕ್ಕೆ ಅಂಟಿಸುವ ಪ್ರೋಬ್ ಇರಲಿಲ್ಲ, ಆ ಮಾಡೆಲಿನ ಪ್ರೋಬ್ ಈಗ ಸಿಗುವುದೂ ಇಲ್ಲ ಎಂದು ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ. ಪ್ರೋಬ್ ಇಲ್ಲದ ವಾರ್ಮರಿಗೆ ಕೂಸಿನ ಮೈ ಎಷ್ಟು ಕಾದಿದೆ ಎಂದು ಗೊತ್ತಾಗುವುದಿಲ್ಲ. ಒಬ್ಬಳೇ ನರ್ಸ್ ಇರುವ ರಾತ್ರಿ, ತಾಯಿಗೆ ರಕ್ತ ಹೋಗುತ್ತಿರುವಾಗ, ಕೂಸನ್ನು ಕಾಯುತ್ತ ನಿಲ್ಲಲು ಯಾರಿದ್ದಾರೆ? ಬೇಡ ಎಂದೆ. ಅವರಿಗೆ ಬೇಸರವಾಯಿತು, ಮುಂದೆ ತಿಂಗಳುಗಟ್ಟಲೆ ಮಾತಾಡಿಸಲಿಲ್ಲ. ಈಗ ಯೋಚಿಸಿದರೂ ಅದೇ ಉತ್ತರ ಕೊಡುತ್ತಿದ್ದೆ.

ಹೊಸ ವಾರ್ಮರ್ ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ಕೇಳಿದ್ದು, ಕೆಟ್ಟರೆ ಎಲ್ಲಿಂದ ಬರುತ್ತೀರಿ, ಎಷ್ಟು ದಿನಕ್ಕೆ? ಹುಬ್ಬಳ್ಳಿಯಿಂದ ಎರಡು ದಿನದಲ್ಲಿ ಎಂದವನಿಗೆ ಆರ್ಡರ್ ಹೋಯಿತು, ಅವನ ದರ ತುಸು ಹೆಚ್ಚೇ ಇತ್ತು. ಉಪ್ಪುಗಾಳಿಗೆ ಇಲ್ಲಿ ಸ್ಕ್ರೂ ಸಹ ವರ್ಷದೊಳಗೆ ತುಕ್ಕು ಹಿಡಿಯುತ್ತದೆ.

ಇನ್ವರ್ಟರಿಗೆ ಮಾತ್ರ ಯಾರೂ ಮನಸ್ಸು ಮಾಡಲಿಲ್ಲ. ವಾರ್ಮರಿನ ಮೇಲೆ ಅಪ್ಪನ ಹೆಸರು ಬರೆಸಲು ಮೂರು ಮನೆಯವರು ಮುಂದೆ ಬಂದಿದ್ದರು, ಬ್ಯಾಟರಿಗೆ ಒಬ್ಬರೂ ಇಲ್ಲ. ಆದರೆ ಹೀಟರೇ 600 ವ್ಯಾಟ್ ಆಸುಪಾಸು. 12 ವೋಲ್ಟಿನ, 150 ಎಎಚ್‌ನ ಒಂದು ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ ಮೂರು ತಾಸು, ನಿಜಕ್ಕೆ ಎರಡು ಬಂದರೆ ಹೆಚ್ಚು. ಬ್ಯಾಟರಿ ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ಬರೀ ಮಂಚ. ಗಟ್ಟಿಯಾಗಿ ಉಸಿರಾಡುವ ಕೂಸನ್ನು ಒರೆಸಿ ತಾಯಿಯ ಎದೆಗೆ ಹಾಕಿದರೆ ಅದಕ್ಕಿಂತ ಒಳ್ಳೆಯ ಬಿಸುಪಿಲ್ಲ, ಅದಕ್ಕೆ ಕರೆಂಟೂ ಬೇಡ. ಸೋತ ಕೂಸಿಗೆ ವಾರ್ಮರ್ ಬೇಕು, 108 ಬರುವ ತನಕ ಅದು ಆರಬಾರದು. ಇದನ್ನು ಸಂಘದ ಹೆಂಗಸರ ಮುಂದೆ ಹೇಳಿದೆ. ವಾರಕ್ಕೆ ಸದಸ್ಯೆಗೆ ಹತ್ತು ರೂಪಾಯಿಯಂತೆ ಆರು ಸಂಘಗಳು ಸೇರಿ ಇನ್ವರ್ಟರನ್ನೂ ಎರಡು ಬ್ಯಾಟರಿಗಳನ್ನೂ ಕೊಡಿಸಿದವು. ಅದರ ಮೇಲೆ ಯಾರ ಹೆಸರೂ ಇಲ್ಲ.

ಆ ಹತ್ತು ರೂಪಾಯಿಯನ್ನು ಅವರು ನಿಲ್ಲಿಸಿಲ್ಲ. ಮುಂದಿನ ಬ್ಯಾಟರಿ, ವರ್ಷದ ಸರ್ವಿಸ್, ಹೊಸ ಮಾಸ್ಕು ಅದರಲ್ಲೇ. ಪ್ರತಿ ಪಾಳಿ ಶುರುವಾಗುವಾಗ ನಾವು ಮಾಸ್ಕನ್ನು ಅಂಗೈಗೆ ಒತ್ತಿ ಹಿಚುಕಿ, ಸೋರುತ್ತದೆಯೇ ನೋಡಿ, ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಪೇಟೆಯ ಆ ಅಮ್ಮ ಬುಟ್ಟಿ ಹೊರಗಿಟ್ಟು ಒಳಗೆ ಬಂದು ಕೇಳುತ್ತಾಳೆ: ‘ಮಾಸ್ಕ್ ಹೊಸ್ದು ಬಂತಾ ಸಿಸ್ಟರ್?’