ಐವತ್ತರ ನಂತರ ಕುದುರೆ ಸವಾರಿ: ಹತ್ತುವುದು, ಇಳಿಯುವುದೇ ಅರ್ಧ ವಿದ್ಯೆ

ಐವತ್ತು ದಾಟಿದ ಹೆಂಗಸರು ಸವಾರಿ ಶುರುಮಾಡಿ ಎರಡನೇ ತಿಂಗಳಿಗೇ ಬಿಟ್ಟುಬಿಡುವುದಕ್ಕೆ, ನಾನು ಕಂಡಂತೆ, ಭಯ ಕಾರಣವಲ್ಲ; ಸೊಂಟ ಮತ್ತು ಮಂಡಿ ಕಾರಣ. ಮೇಲೆ ಕೂತಿರುವಷ್ಟು ಹೊತ್ತು ಎಲ್ಲ ಚೆನ್ನಾಗಿಯೇ ಇರುತ್ತದೆ. ಹತ್ತುವಾಗ ಬಲಗಾಲು ಮೇಲೇಳುವುದಿಲ್ಲ, ಇಳಿದಾಗ ಮಂಡಿ ಝಲ್ ಎನ್ನುತ್ತದೆ. ಹಾಗಾಗಿ ಮೊದಲ ಎಂಟು ವಾರ ನಾನು ಓಟದ ಗೊಡವೆಗೇ ಹೋಗಲಿಲ್ಲ. ಹತ್ತುವುದು, ನಡಿಗೆಯಲ್ಲಿ ನೆಟ್ಟಗೆ ಕೂರುವುದು, ಇಳಿಯುವುದು, ಇಷ್ಟೇ.

ಕುದುರೆಗಿಂತ ಮೊದಲು ಮೂಳೆ ನೋಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಅಂಥವರು ವೈದ್ಯರು ಒಪ್ಪದೆ ಹತ್ತಬಾರದು, ಏಕೆಂದರೆ ಕುದುರೆಯ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಎಂಟಡಿ ಎತ್ತರದಲ್ಲಿರುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಣ್ಣ ಬೀಳುವಿಕೆಯೂ ತಲೆಯೊಳಗೆ ರಕ್ತಸ್ರಾವ ಮಾಡಬಹುದು. ಅದನ್ನೂ ಮುಚ್ಚಿಡದೆ ಹೇಳಬೇಕು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ: ಗರ್ಭಕೋಶ ಜಾರಿದ ತೊಂದರೆ ಇದ್ದವರಿಗೆ ಟ್ರಾಟ್ ಎನ್ನುವ ಕುಕ್ಕುಲೋಟದ ಕುಲುಕಾಟ ಆಗದು. ಕೆಮ್ಮಿದಾಗ ಮೂತ್ರ ಜಿನುಗುವವರು ಮೂತ್ರ ತಡೆಯುವ ಸ್ನಾಯು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ಶುರುಮಾಡಿ, ಮೊದಮೊದಲು ಪ್ಯಾಡ್ ಇಟ್ಟುಕೊಂಡು ಹೋದರೆ ಸಾಕು, ನಾಚಿಕೆಪಡುವಂಥದ್ದೇನೂ ಇಲ್ಲ.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತರಂತೆ ಮೂರು ಸಲ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ಮೂವತ್ತು ಸೆಕೆಂಡ್, ಆಮೇಲೆ ಇನ್ನೊಂದು ಕಾಲು. ಮೆಟ್ಟಿಲಂಚಿನಲ್ಲಿ ಮುಂಗಾಲು ಊರಿ, ಗೋಡೆ ಹಿಡಿದು, ಹಿಮ್ಮಡಿ ಕೆಳಗಿಳಿಸುವುದು. ಸೊಂಟ ಬಿಡಿಸಲು ಬದ್ಧಕೋಣಾಸನ. ಇದರಲ್ಲಿ ಬಿಡಬಾರದ್ದು ಒಂಟಿಕಾಲಿನ ನಿಲುವು. ಹತ್ತುವಾಗ ಇಡೀ ಮೈಭಾರ ಎರಡು ಸೆಕೆಂಡ್ ಎಡಗಾಲೊಂದರ ಮೇಲೇ ಇರುತ್ತದೆ.

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತವಾದ, ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆಗಳು ಬೇಕಾದಷ್ಟಿವೆ. ನೋಡಲು ಚೆಂದ, ಆದರೆ ಹಿಮ್ಮಡಿ ಸೋಕಿದರೆ ಸಾಕು, ಓಡು ಎಂದೇ ಅರ್ಥಮಾಡಿಕೊಳ್ಳುವಂಥವೂ ಇರುತ್ತವೆ. ನಾನು ಕೇಳಿ ಪಡೆದದ್ದು ಹದಿನೈದು ವರ್ಷ ದಾಟಿದ, ಹತ್ತುವಾಗ ಕದಲದೆ ನಿಲ್ಲುವ, 14.2 ಹ್ಯಾಂಡ್ ಎತ್ತರದ ಹೆಣ್ಣು ಕುದುರೆ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. 14.2 ಎಂಬುದು ದಶಮಾಂಶವಲ್ಲ, 14 ಹ್ಯಾಂಡ್ 2 ಇಂಚು, ಒಟ್ಟು 58 ಇಂಚು. ಅಳತೆ ಹೆಗಲಿನ ಉಬ್ಬಿನವರೆಗೆ, ತಲೆಯವರೆಗಲ್ಲ. ಜೀನೂ ಸೇರಿ ಸವಾರರ ತೂಕ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು: 400 ಕಿಲೋ ಕುದುರೆಗೆ 80 ಕಿಲೋ. ಸಮತೋಲ ಬರುವವರೆಗೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು, ಜೋಲಾಡುವ ಭಾರ ಅದರ ಬೆನ್ನಿಗೆ ಹೆಚ್ಚಾಗಿಯೇ ತಟ್ಟುತ್ತದೆ.

ಉಡುಪಿನ ಮಾತು. ಹೆಲ್ಮೆಟ್ ಸವಾರಿಯದೇ ಆಗಬೇಕು, ಒಳಗೆ ಎಎಸ್‌ಟಿಎಂ ಎಫ್1163 ಅಥವಾ ಪಿಎಎಸ್ 015 ಎಂಬ ಸುರಕ್ಷತಾ ಮಾನದಂಡದ ಗುರುತಿರಬೇಕು, ಸ್ಕೂಟರಿನದು ನಡೆಯುವುದಿಲ್ಲ. ಒಮ್ಮೆ ಬಿದ್ದು ತಲೆ ತಾಗಿದರೆ ಬಿರುಕು ಕಾಣದಿದ್ದರೂ ಆ ಹೆಲ್ಮೆಟ್ ಎಸೆಯಬೇಕು. ತುರುಬು ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತದೆ, ಆದ್ದರಿಂದ ಕತ್ತಿನ ಬುಡದಲ್ಲಿ ಸಡಿಲ ಜಡೆ, ಕ್ಲಿಪ್ಪಿಲ್ಲದೆ. ಬಳೆ ತೆಗೆದಿಡಬೇಕು, ತಾಳಿ ಅಂಗಿಯೊಳಗಿರಬೇಕು. ಕಾಲುಂಗುರ ಯಾರಿಗೂ ನೆನಪಾಗುವುದಿಲ್ಲ. ಬೂಟಿನೊಳಗೆ ಅದು ಒತ್ತಿ ಒತ್ತಿ ಅರ್ಧ ಗಂಟೆಯಲ್ಲಿ ಬೆರಳು ಬಾತುಕೊಳ್ಳುತ್ತದೆ. ಬೂಟಿಗೆ ಎರಡು ಸೆಂಟಿಮೀಟರಿನಷ್ಟು ಹಿಮ್ಮಡಿ ಇರಬೇಕು. ವಾಕಿಂಗ್ ಶೂ ಹಾಕಿದರೆ ಕಾಲು ರಿಕಾಪಿನೊಳಗೆ, ಅಂದರೆ ಸ್ಟಿರಪ್‌ನೊಳಗೆ, ಪೂರ್ತಿ ನುಗ್ಗಿಬಿಡುತ್ತದೆ, ಬಿದ್ದಾಗ ಕುದುರೆ ಎಳೆದುಕೊಂಡು ಹೋಗುವುದು ಹೀಗೇ. ರಿಕಾಪು ಬೂಟಿಗಿಂತ ಒಂದು ಇಂಚು ಅಗಲವಿರಬೇಕು.

ಹತ್ತುವ ಮೊದಲು ಗರ್ತ್ ನೋಡಬೇಕು, ಹೊಟ್ಟೆಯ ಕೆಳಗಿನ ಆ ಪಟ್ಟಿ. ಅದಕ್ಕೂ ಮೈಗೂ ನಡುವೆ ಎರಡು ಬೆರಳು ಬಿಗಿಯಾಗಿ ತೂರಬೇಕು. ಜೀನು ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿ ನಿಲ್ಲುವುದುಂಟು, ಐದು ನಿಮಿಷ ನಡೆದ ಮೇಲೆ ಪಟ್ಟಿ ಸಡಿಲವಾಗಿರುತ್ತದೆ. ಆಗ ಮತ್ತೊಮ್ಮೆ ಬಿಗಿ. ರಿಕಾಪಿನ ಉದ್ದಕ್ಕೆ ಹಳೆಯ ಲೆಕ್ಕವೇ ಸಾಕು: ಬೆರಳ ತುದಿಯನ್ನು ರಿಕಾಪು ತೂಗುವ ತೊಗಲಪಟ್ಟಿಯ ಬುಡಕ್ಕೆ ಮುಟ್ಟಿಸಿ ಕೈ ಚಾಚಿದರೆ ರಿಕಾಪಿನ ಕಬ್ಬಿಣ ಕಂಕುಳಿಗೆ ಬರಬೇಕು. ಮಂಡಿನೋವಿಗೆ ನಾನು ಒಂದು ತೂತು ಇಳಿಸಿಕೊಂಡೆ, ಮಂಡಿ ಮಡಿಸುವುದು ಅಷ್ಟು ಕಡಿಮೆಯಾಯಿತು.

ನೆಲದಿಂದ ನಾನು ಹತ್ತುವುದೇ ಇಲ್ಲ. ಅದು ನಮ್ಮ ಸೊಂಟಕ್ಕಷ್ಟೇ ಅಲ್ಲ, ಜೀನನ್ನು ಒಂದೇ ಕಡೆ ಜಗ್ಗಿ ಕುದುರೆಯ ಬೆನ್ನಿಗೂ ಕೆಟ್ಟದ್ದು. ಮೌಂಟಿಂಗ್ ಬ್ಲಾಕ್ ಎನ್ನುವ ಮೆಟ್ಟಿಲುಕಟ್ಟೆ 60 ಸೆಂಟಿಮೀಟರಾದರೂ ಎತ್ತರವಿರಲಿ. ಎಡಗಾಲು ರಿಕಾಪಿನಲ್ಲಿಟ್ಟಾಗ ಮಂಡಿ ಸೊಂಟಕ್ಕಿಂತ ಮೇಲೆ ಹೋದರೆ ಕಟ್ಟೆ ಗಿಡ್ಡ ಎಂದೇ ಅರ್ಥ. ಆ ಕಡೆಯಿಂದ ಸಯೀಸ, ಅಂದರೆ ಕುದುರೆ ನೋಡಿಕೊಳ್ಳುವವನು, ಬಲ ರಿಕಾಪನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಜೀನು ತಿರುಗದ ಹಾಗೆ. ಎಡಗೈಯಲ್ಲಿ ಲಗಾಮಿನ ಜೊತೆಗೇ ಒಂದು ಹಿಡಿ ಕತ್ತಿನ ಕೂದಲು, ಬಲಗೈ ಜೀನಿನ ಮುಂಭಾಗಕ್ಕೆ. ಹಿಂದಿನ ಏಣು ಹಿಡಿದು ಜಗ್ಗಿದರೆ ಜೀನೇ ನಮ್ಮ ಮೇಲೆ ವಾಲುತ್ತದೆ. ಎದ್ದು ನಿಂತು, ಒಂದು ಉಸಿರು ತೆಗೆದುಕೊಂಡು, ಮುಂದಕ್ಕೆ ಬಾಗಿ, ಬಲಮಂಡಿ ಮಡಿಸಿಕೊಂಡು ದಾಟಿಸುವುದು. ಕಾಲು ನೀಟಾಗಿ ಚಾಚಲು ಹೋದರೆ ಬೂಟು ಕುದುರೆಯ ಹಿಂಬದಿಗೆ ಬಡಿಯುತ್ತದೆ, ಅದು ಒಂದು ಹೆಜ್ಜೆ ಹಾಕಿಬಿಡುತ್ತದೆ, ನಾವು ಅರ್ಧದಲ್ಲಿ. ದಾಟಿದ ಮೇಲೆ ಧೊಪ್ಪನೆ ಕೂರದೆ ತೊಡೆಯ ಮೇಲೆ ಭಾರ ಹೊತ್ತು ಮೆಲ್ಲಗೆ ಇಳಿಯಬೇಕು.

ಮೇಲೆ ಕೂತ ಮೇಲೆ ತಪ್ಪುವುದೆಲ್ಲ ಸಾಮಾನ್ಯವಾಗಿ ಒಂದೇ ಕಡೆಯಿಂದ: ಮಂಡಿಯಿಂದ ಅವುಚಿಕೊಳ್ಳುವುದು. ಬಟ್ಟೆ ಒಣಹಾಕುವ ಕ್ಲಿಪ್ಪು ದುಂಡನೆ ವಸ್ತುವಿನಿಂದ ಮೇಲಕ್ಕೆ ಜಾರುವಂತೆ ಮೈ ಮೇಲೇಳುತ್ತದೆ, ಹಿಮ್ಮಡಿಯೂ ಏರುತ್ತದೆ, ಭಯಕ್ಕೆ ಮುಂದೆ ಬಾಗುತ್ತೇವೆ, ಕುದುರೆಗೆ ಅದು ಬೇಗ ಹೋಗು ಎಂಬ ಸೂಚನೆ. ಆಸರೆಗೆ ಲಗಾಮು ಜಗ್ಗಿದರೆ ಕಡಿವಾಣ ಅದರ ಬಾಯಿಗೆ ಒತ್ತುತ್ತದೆ. ಕುದುರೆಯ ಕತ್ತಿಗೆ ಒಂದು ಹಳೆಯ ತೊಗಲಪಟ್ಟಿ ಕಟ್ಟಿಸಿ ಅದನ್ನೇ ಹಿಡಿದುಕೊಳ್ಳುವುದು ಮೇಲು. ಮೊದಲ ಪಾಠಗಳು ಲುಂಜ್ ಹಗ್ಗದಲ್ಲೇ, ಅಂದರೆ ಕಲಿಸುವವರು ನಡುವೆ ನಿಂತು ಉದ್ದ ಹಗ್ಗದಿಂದ ಕುದುರೆಯನ್ನು ಸುತ್ತಿಸುವಾಗಲೇ, ಆಗಲಿ, ಇಪ್ಪತ್ತು ನಿಮಿಷ ಮೀರದೆ, ಐದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ನಡಿಗೆಗೆ ನಾಲ್ಕು ತಾಳ, ಟ್ರಾಟ್‌ಗೆ ಎರಡು, ಅದಕ್ಕಿಂತ ವೇಗದ ಕ್ಯಾಂಟರ್‌ಗೆ ಮೂರು; ಎಣಿಸುತ್ತಾ ಕೂತರೆ ಉಸಿರು ಕಟ್ಟುವುದಿಲ್ಲ. ಓಡಿಸಿದರೇ ಸವಾರಿ ಎಂದುಕೊಂಡವರಿಗೆ, ಕುದುರೆಯನ್ನು ಲಯಬದ್ಧವಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆ ತೋರಿಸಬೇಕು. ಬ್ರಿಟನ್ನಿನ ಲೋರ್ನಾ ಜಾನ್‌ಸ್ಟನ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 70ರ ವಯಸ್ಸಿನಲ್ಲಿ ಸ್ಪರ್ಧಿಸಿದ್ದು ಅದರಲ್ಲೇ.

ಊರಿನ ಕ್ಯಾಲೆಂಡರನ್ನೂ ನೋಡಬೇಕು. ಗಣೇಶನ ಮೆರವಣಿಗೆಯ ತಮಟೆ, ದೀಪಾವಳಿಯ ಪಟಾಕಿ ಇರುವ ವಾರ ನಾನು ಲಾಯಕ್ಕೆ ಹೋಗಿ ಮೈ ಉಜ್ಜಿ ಬರುತ್ತೇನೆ, ಹತ್ತುವುದಿಲ್ಲ.

ಇಳಿಯುವುದಕ್ಕೆ ಮೊದಲು ಕಾಲುಗಳನ್ನು ರಿಕಾಪಿನಿಂದ ಬಿಡಿಸಿ ಕಣಕಾಲನ್ನು ಹತ್ತು ಸಲ ಸುತ್ತಿಸಬೇಕು, ಇಲ್ಲದಿದ್ದರೆ ನೆಲ ಮುಟ್ಟಿದಾಗ ಪಾದಕ್ಕೆ ಅರಿವೇ ಇರುವುದಿಲ್ಲ. ಎರಡೂ ಕಾಲು ಬಿಟ್ಟಿರಲೇಬೇಕು. ಎಡಗಾಲು ಸಿಕ್ಕಿಕೊಂಡಿರುವಾಗ ಕುದುರೆ ನಡೆದರೆ ಕಷ್ಟ. ಮುಂದೆ ಬಾಗಿ, ಬಲಗಾಲು ಹಿಂದಿನಿಂದ ತಂದು, ಹೊಟ್ಟೆ ಜೀನಿಗೆ ಒತ್ತಿಕೊಂಡೇ ಜಾರುವುದು, ಜಿಗಿಯುವುದಲ್ಲ. ಮಂಡಿ ಮಡಿಸಿ ಮರಳಿನ ಮೇಲೇ ಇಳಿಯಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಕ್ಷಣ ತಲೆ ಸುತ್ತಬಹುದು, ಜೀನಿಗೆ ಒರಗಿ ಅರ್ಧ ನಿಮಿಷ ನಿಂತರೆ ಆಯಿತು. ಆಮೇಲೆ ಗರ್ತ್ ಒಂದು ತೂತು ಸಡಿಲಿಸಿ, ರಿಕಾಪು ಮೇಲಕ್ಕೆ ಕಟ್ಟಿ, ಹತ್ತು ನಿಮಿಷ ಕುದುರೆಯ ಜೊತೆ ನಡೆಯುವುದು. ಅಂಗೈ ಚಪ್ಪಟೆ ಹಿಡಿದು ಒಂದು ಚೂರು ಕ್ಯಾರೆಟ್. ಮರುದಿನ ಒಳತೊಡೆ ನೋಯುವುದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ತೊಡೆಸಂದಿನಲ್ಲಿ ಚುಚ್ಚಿದಂಥ ನೋವೋ ಕಾಲು ಜೋಮೋ ಮೂರನೇ ದಿನಕ್ಕೂ ಉಳಿದರೆ ಮುಂದಿನ ಪಾಠ ರದ್ದುಮಾಡಿ ಮೂಳೆ ವೈದ್ಯರ ಹತ್ತಿರ ಹೋಗಬೇಕು.