ಸೊನ್ನೆ ಯಾಕ ಇಡಬೇಕ್ರಿ? – ಗಣಿತದ ಮೇಷ್ಟ್ರಿಲ್ಲದ ಶಾಲೆಯಲ್ಲಿ ನನ್ನ ಅನುಭವ

ನಾನು ಚನ್ನರಾಯಪಟ್ಟಣದ ಕಡೆಯವನು. 2008ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕನಾಗಿ ಸುರಪುರ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಆಗ ಇದು ಗುಲ್ಬರ್ಗಾ ಜಿಲ್ಲೆ. ಯಾದಗಿರಿ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. ಊರಿನ ಒಂದು ಮಗ್ಗುಲಿಗೆ ನಾರಾಯಣಪುರ ಎಡದಂಡೆ ಕಾಲುವೆ. ಕಾಲುವೆ ನೀರು ಹತ್ತಿದ ಹೊಲದಲ್ಲಿ ಭತ್ತ, ಹತ್ತದ ಹೊಲದಲ್ಲಿ ಹತ್ತಿ ಮತ್ತು ತೊಗರಿ. ದೀಪಾವಳಿ ಮುಗಿಯುತ್ತಿದ್ದಂತೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಅಪ್ಪ ಅಮ್ಮ ಮಕ್ಕಳು ಎಲ್ಲರೂ ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ.

ಬಂದ ಮೊದಲ ದಿನವೇ ಒಬ್ಬ ಹಿರಿಯರು ಕೇಳಿದರು, "ಎಷ್ಟು ವರ್ಷ ಇರ್ತೀರಿ ಸರ?" ಅದರಲ್ಲಿ ಕೊಂಕು ಇರಲಿಲ್ಲ. ಅವರು ನೋಡಿದ್ದೇ ಅದು. ದಕ್ಷಿಣದ ಜಿಲ್ಲೆಗಳಲ್ಲಿ ಹುದ್ದೆ ಕಡಿಮೆ, ಇಲ್ಲಿ ಜಾಸ್ತಿ. ಹಾಗಾಗಿ ನಮ್ಮಂಥವರು ಇಲ್ಲಿ ನೌಕರಿ ಹಿಡಿಯುತ್ತೇವೆ. ಕನಿಷ್ಠ ಸೇವಾ ಅವಧಿ ಮುಗಿದ ಕೂಡಲೇ ವರ್ಗಾವಣೆ ಕೌನ್ಸೆಲಿಂಗ್‌ಗೆ ಅರ್ಜಿ ಹಾಕುತ್ತೇವೆ. ಪತಿ-ಪತ್ನಿ ಪ್ರಕರಣ, ಪರಸ್ಪರ ವರ್ಗಾವಣೆ, ಹೀಗೆ ಯಾವುದೋ ಒಂದು ದಾರಿ ಸಿಗುತ್ತದೆ. ನಾನೂ ಎರಡು ಸಲ ಅರ್ಜಿ ಹಾಕಿದ್ದೆ. ಹೋದವರನ್ನು ನಾನು ದೂರುವುದಿಲ್ಲ. ಎಲ್ಲರಿಗೂ ಊರಲ್ಲಿ ವಯಸ್ಸಾದ ತಂದೆತಾಯಿ ಇರುತ್ತಾರೆ. ಆದರೆ ಕೆಲಸ ಕಲಿತು ಕೈ ಪಳಗುವ ಹೊತ್ತಿಗೆ ಶಿಕ್ಷಕ ಹೊರಡುತ್ತಾನೆ. ಅವನ ಜಾಗಕ್ಕೆ ಮತ್ತೊಬ್ಬ ಹೊಸಬ, ಇಲ್ಲವೇ ಖಾಲಿ ಕುರ್ಚಿ. ಪಟ್ಟಣದ ಎ ವಲಯದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು ಸಿಗುತ್ತಾರೆ. ಹಳ್ಳಿಗಾಡಿನ, ಅಂದರೆ ಸಿ ವಲಯದ, ನಮ್ಮ ಮಕ್ಕಳು ಯಾವಾಗಲೂ ಯಾರೋ ಒಬ್ಬರ ಮೊದಲ ಎರಡು ಮೂರು ವರ್ಷದ ಮಕ್ಕಳು.

ಕಾನೂನು ಏನು ಹೇಳುತ್ತದೆ ಅಂತ ನಾನು ಬಂದ ಮರುವರ್ಷವೇ ಓದಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ಗಣಿತ-ವಿಜ್ಞಾನ, ಸಮಾಜ, ಭಾಷೆ, ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬ ಶಿಕ್ಷಕರು ಇರಲೇಬೇಕು. 35 ಮಕ್ಕಳಿಗೆ ಒಬ್ಬರು. ಅದೇ ಕಾಯ್ದೆಯ 26ನೇ ಕಲಮು ಇನ್ನೂ ಒಂದು ಮಾತು ಹೇಳುತ್ತದೆ: ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು. ನಮ್ಮ ಶಾಲೆಯಲ್ಲಿ ಎಂಟು ಹುದ್ದೆ ಮಂಜೂರಾಗಿದ್ದವು. 2018ರ ಜೂನ್‌ನಲ್ಲಿ ನಾಲ್ಕೇ ಮಂದಿ ಇದ್ದೆವು.

ಆ ವರ್ಷ ನನ್ನ ಜೊತೆ ಗಣಿತ ಹಂಚಿಕೊಂಡಿದ್ದ ಗೆಳೆಯ ವರ್ಗವಾಗಿ ಹೋದ. ನಾಲ್ಕರಿಂದ ಎಂಟನೇ ತರಗತಿವರೆಗೆ ಗಣಿತ ಪೂರ್ತಿ ನನ್ನ ಮೇಲೆ ಬಿತ್ತು. ನಾನೇ ಎಲ್ಲ ಮಾಡುತ್ತೇನೆ ಅಂದುಕೊಂಡೆ. ಆರು ಮತ್ತು ಏಳನ್ನು ಒಟ್ಟಿಗೆ ಕೂರಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದೆ, ಸಂಜೆ ಆರಕ್ಕೆ ಹೋದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು ಅನ್ನಿಸಿತು. ಆಮೇಲೆ ಮತದಾರರ ಪಟ್ಟಿಯ ಕೆಲಸ ಬಂತು. ಅದರ ಬೆನ್ನಿಗೇ ಒಂದು ತರಬೇತಿ. ಹದಿನೈದು ದಿನ ಶಾಲೆಯಲ್ಲಿ ನಾನಿಲ್ಲ. ವಾಪಸ್ ಬಂದು ಐದನೇ ತರಗತಿಯ ನೋಟ್‌ಬುಕ್ ತೆರೆದೆ. ನಾನು ಹೋದ ದಿನದ ತಾರೀಖೇ ಕೊನೆಯ ತಾರೀಖು. ಅದರಾಚೆ ಒಂದು ಸಾಲೂ ಇಲ್ಲ.

ಒಬ್ಬನ ಮೇಲೆ ನಿಂತ ಗಣಿತ ಹಾಗೇ ಅಲ್ವಾ? ಅವನು ಎದ್ದು ಹೋದರೆ ಅದೂ ಎದ್ದು ಹೋಗುತ್ತದೆ.

ಅಷ್ಟರಲ್ಲಿ ಮೂವರು ಅತಿಥಿ ಶಿಕ್ಷಕರು, ಅಂದರೆ ಖಾಲಿ ಹುದ್ದೆಗೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಳ್ಳುವ ತಾತ್ಕಾಲಿಕ ಶಿಕ್ಷಕರು, ಬಂದಿದ್ದರು. ಅವರಲ್ಲಿ ಒಬ್ಬರು ಅದೇ ಊರಿನ ಹೆಣ್ಣುಮಗಳು. ಬಿ.ಎ., ಬಿ.ಎಡ್. ಓದಿದ್ದು ಕನ್ನಡ ಸಾಹಿತ್ಯ, ಇತಿಹಾಸ. ಗೌರವಧನ ತಿಂಗಳಿಗೆ 7,500 ರೂಪಾಯಿ, ಅದೂ ಮೂರು ನಾಲ್ಕು ತಿಂಗಳು ತಡವಾಗಿ. ಅವರಿಗೆ ನಾಲ್ಕು ಮತ್ತು ಐದನೇ ತರಗತಿಯ ಗಣಿತ ಕೊಟ್ಟೆವು. ಬೇರೆ ಯಾರೂ ಇರಲಿಲ್ಲ.

ಒಂದು ದಿನ ಅವರ ತರಗತಿಯ ಹಿಂದೆ ಹೋಗಿ ಕೂತೆ. ಬೋರ್ಡಿನ ಮೇಲೆ 306ನ್ನು 3ರಿಂದ ಭಾಗಿಸುವ ಲೆಕ್ಕ. ಅವರು ಸರಿಯಾಗಿಯೇ ಮಾಡಿದರು, ಉತ್ತರ 102. ಆದರೆ ಮುಕ್ಕಾಲು ಪಾಲು ಮಕ್ಕಳ ಸ್ಲೇಟಿನಲ್ಲಿ 12 ಇತ್ತು. ಒಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ನಡುವ ಸೊನ್ನೆ ಯಾಕ ಇಡಬೇಕ್ರಿ?"

"ಇಡಬೇಕು. ಅಷ್ಟ."

ಸಂಜೆ ಅವರ ಜೊತೆ ಮಾತಾಡಿದೆ. ಮಗು ಒಳ್ಳೆಯ ಪ್ರಶ್ನೆ ಕೇಳಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಸರ, ನನಗೂ ಗೊತ್ತಿಲ್ಲ. ನಾನು ಇದೇ ಸಾಲಿಯೊಳಗ ಕಲ್ತೀನಿ. ಆರು, ಏಳು ಎರಡೂ ವರ್ಷ ನಮಗ ಗಣಿತದ ಸರ ಇರಲೇ ಇಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಹೇಳಿದ ಎರಡು ವರ್ಷದಲ್ಲಿ ಖಾಲಿ ಇದ್ದ ಕುರ್ಚಿ ಅಲ್ಲಿಗೇ ಮುಗಿದಿರಲಿಲ್ಲ. ಅದು ಆ ಹುಡುಗಿಯ ಜೊತೆ ಹೈಸ್ಕೂಲಿಗೆ ಹೋಯಿತು, ಕಾಲೇಜಿಗೆ ಹೋಯಿತು. ಈಗ ಶಿಕ್ಷಕಿಯಾಗಿ ಅದೇ ಕೋಣೆಗೆ ವಾಪಸ್ ಬಂದಿದೆ. ಕಲಿಸುವವರು ಸಿಗದ ಮಗುವೇ ಮುಂದೆ ಇನ್ನೊಂದು ಮಗುವಿಗೆ ಕಲಿಸಲು ನಿಲ್ಲುತ್ತದೆ. ನಾನು ಇಷ್ಟು ದಿನ ಮಕ್ಕಳ ಜೊತೆ ಕೂತಿದ್ದೆ. ಇವರ ಜೊತೆ ಒಂದು ದಿನವೂ ಕೂತಿರಲಿಲ್ಲ.

ಮರುದಿನ ಕೇಳಿದೆ, ಶಾಲೆ ಬಿಟ್ಟ ಮೇಲೆ ದಿನಾ ನಲವತ್ತು ನಿಮಿಷ ಇಬ್ಬರೂ ಕೂರೋಣವೇ ಅಂತ. ಒಪ್ಪಿದರು. ಮೊದಲು ಮಾಡಿದ್ದು ಸೊನ್ನೆಯ ಲೆಕ್ಕವನ್ನೇ. ಕಾಗದ ಕತ್ತರಿಸಿ ನೂರರ, ಹತ್ತರ, ಒಂದರ ನೋಟು ಮಾಡಿದೆವು. 306 ಅಂದರೆ ನೂರರ ಮೂರು ನೋಟು, ಒಂದರ ಆರು. ಹತ್ತರ ನೋಟು ಒಂದೂ ಇಲ್ಲ. ಮೂವರಿಗೆ ಹಂಚಿ ಅಂದೆ. ಒಬ್ಬೊಬ್ಬರಿಗೆ ನೂರರದು ಒಂದು, ಒಂದರದು ಎರಡು. ಹತ್ತರದು? "ಒಂದೂ ಬರಲಿಲ್ಲ." ಅದನ್ನೇ ಬರೆಯಿರಿ ಅಂದೆ. ಅವರು ಸೊನ್ನೆ ಬರೆದು, ಅದನ್ನೇ ನೋಡುತ್ತಾ ಕೂತರು. "ಹತ್ತರ ನೋಟು ಯಾರಿಗೂ ಸಿಗಲಿಲ್ಲ ಅಂತ ಹೇಳಾಕ ಈ ಸೊನ್ನಿ," ಅಂದರು. ಆಮೇಲೆ 312 ಕೊಟ್ಟೆ. ಹತ್ತರ ಒಂದು ನೋಟನ್ನು ಮೂವರಿಗೆ ಹಂಚಲು ಬರುವುದಿಲ್ಲ. ಚಿಲ್ಲರೆ ಮಾಡಬೇಕು. ಆಗ ಒಂದರ ಹನ್ನೆರಡು ನೋಟು, ಒಬ್ಬರಿಗೆ ನಾಲ್ಕು. ಉತ್ತರ 104. "ಮೇಲಿನದು ಕೆಳಗೆ ಇಳಿಸು" ಅಂತ ನಾವು ವರ್ಷಗಟ್ಟಲೆ ಹೇಳುವ ಮಾತಿಗೆ ಅರ್ಥ ಇದು. ನೋಟನ್ನು ಚಿಲ್ಲರೆ ಮಾಡುವುದು.

ಅವರಿಗೆ ನಾನು ಬೋಧನಾ ವಿಧಾನ ಹೇಳಲಿಲ್ಲ ಅನ್ನುವುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ತರಬೇತಿಗಳಲ್ಲಿ ಚಟುವಟಿಕೆ ಕೊಡುತ್ತಾರೆ, ಹಾಡು ಕೊಡುತ್ತಾರೆ, ಕಿಟ್ ಕೊಡುತ್ತಾರೆ. ನಮ್ಮ ಶಾಲೆಯಲ್ಲೂ ಗಣಿತದ ಕಿಟ್ ಇತ್ತು. ಸ್ಥಾನಬೆಲೆಯ ಪಟ್ಟಿ, ಭಿನ್ನರಾಶಿಯ ತುಂಡು, ಮಣಿಚೌಕಟ್ಟು ಎಲ್ಲ ಡಬ್ಬಿಯೊಳಗೆ ಹೊಸದಾಗಿಯೇ ಇದ್ದವು. ಲೆಕ್ಕವೇ ಒಳಗೆ ಇಳಿಯದಿದ್ದರೆ ಆ ಡಬ್ಬಿ ತೆರೆಯಲು ಕೈ ಬರುವುದಿಲ್ಲ. ನಾವು ಮಾಡಿದ್ದು ಗಣಿತ. ಐದನೇ ತರಗತಿಯ ಗಣಿತ, ಇಬ್ಬರು ದೊಡ್ಡವರು ಕೂತು, ನಾಚಿಕೆ ಬಿಟ್ಟು. ವಾರಕ್ಕೆ ಒಂದೇ ವಿಷಯ.

ವಾರದಲ್ಲಿ ಎರಡು ದಿನ ನಾನು ಅವರ ತರಗತಿಯ ಹಿಂದೆ ಕೂರುತ್ತಿದ್ದೆ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ಎಡಪುಟದಲ್ಲಿ ಅವರು ಇಂದು ಏನು ಕೇಳಬೇಕು ಅಂತ ಬರೆಯುತ್ತಿದ್ದರು. ಬಲಪುಟದಲ್ಲಿ ಮಕ್ಕಳು ಏನು ಹೇಳಿದರು ಅಂತ ನಾನು ಬರೆಯುತ್ತಿದ್ದೆ. ಮಕ್ಕಳ ಮಾತು ಮಾತ್ರ, ಶಿಕ್ಷಕಿ ಬಗ್ಗೆ ಒಂದು ಅಕ್ಷರವೂ ಇಲ್ಲ. ಈ ನಿಯಮ ಮೊದಲೇ ಇರಲಿಲ್ಲ, ಒಂದು ತಪ್ಪಿನಿಂದ ಬಂತು. ಮೂರನೆಯ ವಾರ ಅವರು ಒಂದು ಲೆಕ್ಕದಲ್ಲಿ ಎಡವಿದರು. ನಾನು ಎದ್ದು ಹೋಗಿ ಚಾಕ್‌ಪೀಸ್ ತೆಗೆದುಕೊಂಡು ಸರಿ ಮಾಡಿದೆ. ಆಮೇಲೆ ಒಂದು ವಾರ ಮಕ್ಕಳು ಪ್ರತಿ ಉತ್ತರಕ್ಕೂ ಹಿಂದೆ ತಿರುಗಿ ನನ್ನ ಮುಖ ನೋಡಿದರು. ಅವರ ತರಗತಿಯನ್ನು ನಾನು ಕಿತ್ತುಕೊಂಡಿದ್ದೆ. ಅವರಲ್ಲಿ ಕ್ಷಮೆ ಕೇಳಿದೆ. ಆ ದಿನದಿಂದ ಒಳಗೆ ಏನೇ ನಡೆದರೂ ನನ್ನ ಬಾಯಿ ಸಂಜೆಯವರೆಗೆ ಮುಚ್ಚಿರುತ್ತಿತ್ತು.

ಜನವರಿಯಲ್ಲಿ ಭಿನ್ನರಾಶಿ ಬಂತು. ಇಲ್ಲಿ ನಾನೇ ವಿದ್ಯಾರ್ಥಿಯಾದೆ. ಹತ್ತು ವರ್ಷದಿಂದ ನನ್ನ ತರಗತಿಯಲ್ಲಿ ಒಂದೇ ತಪ್ಪು. 1/4ಕ್ಕೆ 1/4 ಕೂಡಿಸಿದರೆ ಮಕ್ಕಳು 2/8 ಬರೆಯುತ್ತಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ವೃತ್ತ ಬರೆದು, ಬಣ್ಣ ತುಂಬಿ, ಎಷ್ಟೋ ಮಾಡಿದ್ದೆ. ಆ ಶಿಕ್ಷಕಿ ಬೋರ್ಡಿನಲ್ಲಿ ಏನೂ ಬರೆಯಲಿಲ್ಲ. ಸುಮ್ನೆ ಕೇಳಿದರು (ಇಲ್ಲಿ ಪಾವ ಅಂದರೆ ಕಾಲು):

"ಅಂಗಡಿಯಿಂದ ಪಾವ ಕಿಲೋ ಸಕ್ರಿ ತಂದಿ. ಮತ್ತ ಹೋಗಿ ಇನ್ನೊಂದು ಪಾವ ಕಿಲೋ ತಂದಿ. ಎಷ್ಟಾತು?"

"ಅರ್ಧಾ ಕಿಲೋ ರೀ!"

"ನೀ ಬರದಿದ್ದು ಎಂಟು ಪಾಲಿನಾಗ ಎರಡು ಪಾಲು. ಅದು ಪಾವ ಕಿಲೋನ ಆತಲ್ಲ. ಎರಡನೇ ಸಲ ತಂದ ಸಕ್ರಿ ಎಲ್ಲಿ ಹೋತು?"

ತರಗತಿ ಒಂದು ಕ್ಷಣ ಗಪ್ ಆಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಅಲ್ಲಿಂದ ಅವರು ದೀಡ, ಅಡೀಚಕ್ಕೆ ಹೋದರು. ಒಂದೂವರೆಗೆ ಇಲ್ಲಿ ದೀಡ ಅನ್ನುತ್ತಾರೆ, ಎರಡೂವರೆಗೆ ಅಡೀಚ. ದೀಡಕ್ಕೆ ಅಡೀಚ ಕೂಡಿಸಿದರೆ ಎಷ್ಟು ಅಂದರೆ ನಾಲ್ಕನೇ ತರಗತಿಯ ಹುಡುಗನೂ ಬಾಯಲ್ಲೇ ನಾಲ್ಕು ಅನ್ನುತ್ತಾನೆ. ಅದನ್ನೇ ಮಿಶ್ರ ಭಿನ್ನರಾಶಿ ಅಂತ ಬರೆದುಕೊಟ್ಟರೆ ಅಳುತ್ತಾನೆ. ಈ ಮಾತುಗಳು ಹತ್ತು ವರ್ಷ ನನ್ನ ಕಿವಿಯ ಮೇಲೆ ಬಿದ್ದಿದ್ದವು. ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ. ಅವು ಗಣಿತ ಅಂತ ನನಗೆ ಹೊಳೆದಿರಲಿಲ್ಲ. ನನ್ನ ಬಿ.ಎಸ್ಸಿ. ಗಣಿತ ಮತ್ತು ಅವರ ಪಾವ ಕಿಲೋ, ಎರಡೂ ಒಂದೇ ಕೋಣೆಯಲ್ಲಿ ಕೂತಾಗ ಆದ ಕೆಲಸ ಅದು.

ಮುಂದಿನ ವರ್ಷ ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಇನ್ನೂ ಮೂರು ಶಾಲೆಯ ಅತಿಥಿ ಶಿಕ್ಷಕರನ್ನು ಕರೆದೆವು. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಮೇಲೆ ಎರಡು ತಾಸು ನಮ್ಮ ಶಾಲೆಯಲ್ಲಿ ಕೂರುತ್ತಿದ್ದೆವು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟರು, ಆಗಾಗ ತಾವೂ ಬಂದು ಕೂತರು. ಬಸ್ ಚಾರ್ಜು ನಾನು ಮತ್ತು ಮುಖ್ಯ ಶಿಕ್ಷಕರು ಹಂಚಿಕೊಂಡೆವು. ಅರ್ಧ ಸಂಬಳವೂ ಕೈಗೆ ಬರದವರಿಗೆ ಸ್ವಂತ ಖರ್ಚಿನಲ್ಲಿ ಬನ್ನಿ ಅನ್ನುವುದು ತಪ್ಪು. ಚಹಾ, ಚುರುಮುರಿ ಶಾಲೆಯ ಅಕ್ಕಂದಿರು ಮಾಡಿಕೊಡುತ್ತಿದ್ದರು. ಪ್ರತಿಯೊಬ್ಬರೂ ಮಕ್ಕಳ ಒಂದು ತಪ್ಪು ಲೆಕ್ಕ ತರಬೇಕು. ನಮ್ಮ ಪಾಠಯೋಜನೆ ಅಷ್ಟೇ. 43ರಿಂದ 17 ಕಳೆದು 34 ಅಂತ ಬರೆದ ಒಂದು ಸ್ಲೇಟಿನ ಫೋಟೋ ಮೇಲೆ ಒಂದು ಶನಿವಾರ ಪೂರ್ತಿ ಹೋಯಿತು. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಅಂತ ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೆವು. ಮಗು ಅದನ್ನೇ ಪಾಲಿಸಿ ಏಳರಿಂದ ಮೂರು ಕಳೆದಿತ್ತು.

ಇದರಿಂದ ಆಗದೇ ಹೋದದ್ದನ್ನೂ ಹೇಳಬೇಕು. ಅತಿಥಿ ಶಿಕ್ಷಕರ ಕೆಲಸ ಶೈಕ್ಷಣಿಕ ವರ್ಷ ಮುಗಿದರೆ ಮುಗಿಯುತ್ತದೆ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಅಂಕಗಳ ಪಟ್ಟಿ. ಒಂದು ವರ್ಷ ನಮ್ಮ ಜೊತೆ ಕೂತು ಕಲಿತ ಹುಡುಗನಿಗಿಂತ ಎರಡು ಅಂಕ ಜಾಸ್ತಿ ಇದ್ದ ಬೇರೆಯವರು ಬಂದರು. ಅವನು ಈಗ ಶಹಾಪುರದಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ. ಇನ್ನೊಬ್ಬರು ಗೌರವಧನಕ್ಕೆ ಕಾದು ಕಾದು ಬಿಟ್ಟರು. ಈಗ ಅದು 12,000 ಆಗಿದೆ, ಆದರೂ ಒಂದು ಮನೆ ನಡೆಯುವ ಹಣ ಅದಲ್ಲ. ಗುಳೆ ಹೋದ ಮಕ್ಕಳಿಗೆ ನಾವು ಏನೂ ಮಾಡಲು ಆಗಿಲ್ಲ. ಯುಗಾದಿಗೆ ವಾಪಸ್ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ. ಉಡುಪಿ ಶೇ 94, ಯಾದಗಿರಿ ಶೇ 50.59. ಟಿವಿಯಲ್ಲಿ ಇಲ್ಲಿನ ಮಕ್ಕಳು ಓದುವುದಿಲ್ಲ ಅಂದರು. ನನಗೆ ಬಹಳ ನೋವಾಯಿತು. ಆ ಮಕ್ಕಳ ಆರು, ಏಳು, ಎಂಟನೇ ತರಗತಿಯಲ್ಲಿ ಎಷ್ಟು ತಿಂಗಳು ಗಣಿತದ ಶಿಕ್ಷಕರು ಇದ್ದರು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಕಲ್ಯಾಣ ಕರ್ನಾಟಕ ಅನ್ನುವ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಹುದ್ದೆಗಳಲ್ಲಿ ಹೆಚ್ಚಿನ ಪಾಲು ಇಲ್ಲಿನವರಿಗೇ ಮೀಸಲು. 2022ರ 15,000 ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ ಅಂತಲೇ ಇತ್ತು. ಒಳ್ಳೆಯದು. ಊರಿನವರು ಬಂದರೆ ಬಿಟ್ಟು ಹೋಗುವುದಿಲ್ಲ. ಆದರೆ ಗಣಿತದ ಹುದ್ದೆಗೆ ಗಣಿತ ಓದಿದವರು ಬೇಕು. ಏಳನೇ ತರಗತಿಯಲ್ಲೇ ಗಣಿತ ಕೈಬಿಟ್ಟ ಊರಿನಿಂದ ಅಂಥವರು ಎಷ್ಟು ಮಂದಿ ಬರುತ್ತಾರೆ? ಹೊರಗಿನಿಂದ ಬಂದವರು ನಿಲ್ಲುವುದಿಲ್ಲ, ಒಳಗಿನವರನ್ನು ಯಾರೂ ತಯಾರು ಮಾಡಿಲ್ಲ. ಈ ಎರಡರ ನಡುವೆ ನಮ್ಮ ಮಕ್ಕಳು ಸಿಕ್ಕಿಕೊಂಡಿದ್ದಾರೆ. ನಮ್ಮ ಶನಿವಾರಗಳು ಸರ್ಕಾರ ತುಂಬಬೇಕಾದ ಹುದ್ದೆಗೆ ಬದಲಿ ಅಲ್ಲ. ಯಾರಾದರೂ ಹಾಗೆ ಅಂದುಕೊಂಡರೆ ನನಗೆ ಬೇಸರವಾಗುತ್ತದೆ.

ಆ ಹೆಣ್ಣುಮಗಳು ಈಗ ನಮ್ಮ ಶಾಲೆಯಲ್ಲಿಲ್ಲ. ಹೋದ ವರ್ಷದ ಪಟ್ಟಿಯಲ್ಲಿ ಹೆಸರು ಕೆಳಗೆ ಹೋಯಿತು. ನಾಲ್ಕು ಕಿಲೋಮೀಟರ್ ದೂರದ ಇನ್ನೊಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಅವರ ಜಾಗಕ್ಕೆ ನಮ್ಮಲ್ಲಿ ಒಬ್ಬ ಹುಡುಗ ಬಂದಿದ್ದಾನೆ, ಅವನೂ ಬಿ.ಎ. ಮೊದಲ ಶನಿವಾರ ಅವನು ತಂದ ತಪ್ಪು ಲೆಕ್ಕ 408ನ್ನು 4ರಿಂದ ಭಾಗಿಸಿದ್ದು. ಉತ್ತರ 12. ನಾನು ಮಾತಾಡುವ ಮೊದಲೇ, ಶನಿವಾರಕ್ಕೆ ಬಂದಿದ್ದ ಆ ಹೆಣ್ಣುಮಗಳು ಚೀಲದಿಂದ ಕಾಗದದ ನೋಟು ತೆಗೆದು ಅವನ ಮುಂದೆ ಇಟ್ಟರು. ಆರು ವರ್ಷ ಹಳೆಯವು, ಅಂಚು ಸವೆದು ಮೆತ್ತಗಾಗಿದ್ದವು.

"ನಾಲ್ಕು ಮಂದಿಗೆ ಹಂಚ್ರಿ ಸರ," ಅಂದರು. "ಹತ್ತರ ನೋಟು ಎಷ್ಟು ಬಂದಾವು ಹೇಳ್ರಿ."