ತಾಯಿಯೆಂದು ಹಿಡಿದದ್ದು ತಂದೆಯನ್ನು

ನ್ಯೂಜಿಲೆಂಡಿನ ಕ್ಯಾಂಟರ್ಬರಿಯ ಹುಲ್ಲುಗುಡ್ಡಗಳಲ್ಲಿ ಲಾಜ್‌ಪೋಲ್ ಪೈನ್ ಎಂದರೆ ಕಳೆ. ಉತ್ತರ ಅಮೆರಿಕದ ಈ ಮರವನ್ನು ಮಣ್ಣಿನ ಸವಕಳಿ ತಡೆಯಲೆಂದು ಕಳೆದ ಶತಮಾನದಲ್ಲಿ ನೆಟ್ಟಿದ್ದರು. ಅದು ಬೇಲಿ ದಾಟಿ ಗುಡ್ಡ ಹತ್ತಿತು. ದೂರದಲ್ಲಿ ಒಂಟಿಯಾಗಿ ಎದ್ದ ಮರಗಳ ಬೀಜ ಎಲ್ಲಿಂದ ಬಂತೆಂದು ಡಿಎನ್‌ಎ ಮೂಲಕ ಪತ್ತೆ ಮಾಡುವುದು ನನ್ನ ಕೆಲಸವಾಗಿತ್ತು.

ಮೊದಲು ಬೀಜ ಬೀಳಲು ಟ್ರೇಗಳನ್ನು ಸಾಲಾಗಿ ಇಟ್ಟೆ. ಮರದ ಬುಡದವು ತುಂಬಿದವು, ದೂರದವು ಖಾಲಿ ಉಳಿದವು. ಹಾಗಿದ್ದರೆ ಎದುರು ದಿಬ್ಬದ ಮೇಲಿನ ಆ ಮರ ಹೇಗೆ ಹುಟ್ಟಿತು? ವಾಯವ್ಯದ ಒಣ ಬಿಸಿಗಾಳಿ ಬೀಸಿದ ದಿನ ಅರ್ಧ ಉತ್ತರ ಸಿಕ್ಕಿತು. ಕಾಯಿಗಳನ್ನು ಬಿರಿಯುವಂತೆ ಮಾಡುವುದೂ ರೆಕ್ಕೆಬೀಜಗಳನ್ನು ಹೊತ್ತೊಯ್ಯುವುದೂ ಅದೇ ಗಾಳಿ. ನನ್ನ ಎರಡು ಟ್ರೇಗಳನ್ನೂ ಅದು ಹೊತ್ತೊಯ್ದಿತು.

ಉಳಿದರ್ಧಕ್ಕೆ ಸೂಜಿ ಎಲೆಗಳನ್ನು ಕಿತ್ತು, ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಒಯ್ದೆ. ರಾಳ ತುಂಬಿದ ಎಲೆ. ಮೊದಲ ವಾರದ ಕೊಳವೆಗಳಲ್ಲೆಲ್ಲ ಕಂದು ಅಂಟು. ಅದನ್ನು ತೊಳೆದು ತೊಳೆದು ದಾರಿಗೆ ತಂದೆ. ಸಸಿಯೊಂದಕ್ಕೆ ಹೊಂದುವ ಎರಡು ಮರಗಳು ಸಿಕ್ಕಿದವು. ಆದರೆ ಒಂದೇ ಪೈನ್ ಮರ ಪರಾಗವನ್ನೂ ಬೀಜವನ್ನೂ ಕೊಡುವುದರಿಂದ ಎರಡರಲ್ಲಿ ತಾಯಿ ಯಾವುದು?

ಮಲೆನಾಡಿನ ಮರಗಳ ಜೊತೆ ಕೆಲಸ ಮಾಡಿ ಬಂದ ನನಗೆ ಕ್ಲೋರೋಪ್ಲಾಸ್ಟ್, ಅಂದರೆ ಎಲೆಗೆ ಹಸಿರು ಕೊಡುವ, ತನ್ನದೇ ಡಿಎನ್‌ಎ ಇರುವ ಕಣ, ತಾಯಿಯ ಕಡೆಯದು. ಅದೇ ಲೆಕ್ಕದಲ್ಲಿ ನಕ್ಷೆ ಬರೆದೆ. ಒಂದು ಮರದಿಂದ ನಾನೇ ಕೈಯಾರೆ ಕಿತ್ತ ಕಾಯಿಯ ಬೀಜಗಳನ್ನು ಪರೀಕ್ಷಿಸಿದಾಗ ಭ್ರೂಣದ ಕ್ಲೋರೋಪ್ಲಾಸ್ಟ್ ಆ ಮರಕ್ಕೆ ಹೊಂದಲಿಲ್ಲ. ಚೀಟಿ ಅದಲುಬದಲಾಗಿದೆಯೆಂದು ಎರಡು ದಿನ ಸಹಾಯಕನ ಮೇಲೆ ರೇಗಿದೆ. ತಪ್ಪು ನನ್ನದೇ: ಪೈನ್‌ಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ಪರಾಗದಿಂದ, ಅಂದರೆ ತಂದೆಯಿಂದ. ಪಠ್ಯಪುಸ್ತಕದಲ್ಲಿರುವ ಮಾತು! ಬೀಜದಲ್ಲಿ ತಾಯಿಯ ಗುರುತು ಬೇಕಿದ್ದರೆ ಭ್ರೂಣದ ಸುತ್ತಲಿನ ಬಿಳಿ ತಿರುಳನ್ನು ನೋಡಬೇಕು. ಚಿಲ್ಗೋಜ ಎಂಬ ಪೈನ್ ಬೀಜದಲ್ಲಿ ನಾವು ತಿನ್ನುವುದು ಬಹುಪಾಲು ಅದನ್ನೇ. ಬೆಳೆದು ನಿಂತ ಸಸಿಯಲ್ಲಿ ಆ ತಿರುಳು ಇರುವುದಿಲ್ಲ. ಹಾಗಾಗಿ ಕ್ಲೋರೋಪ್ಲಾಸ್ಟ್‌ನಿಂದ ತಂದೆಯನ್ನು ಗುರುತಿಸಿ, ಉಳಿದ ಮರವನ್ನು ತಾಯಿ ಎಂದುಕೊಳ್ಳಬೇಕು. ಎರಡರ ಕ್ಲೋರೋಪ್ಲಾಸ್ಟೂ ಒಂದೇ ಬಗೆಯದಾದರೆ ಆ ಸಸಿಯನ್ನು ಲೆಕ್ಕದಿಂದ ಬಿಡಬೇಕು.

ನಕ್ಷೆಯನ್ನು ತಿರುಗಿ ಬರೆದೆ. ಬೀಜದ ಪಯಣವೆಂದು ಎಳೆದಿದ್ದ ಎಷ್ಟೋ ಗೆರೆಗಳು ಪರಾಗದ ಲೆಕ್ಕಕ್ಕೆ ಹೋದವು. ಉಳಿದ ಉದ್ದದ ಗೆರೆಗಳಲ್ಲಿ ಹೆಚ್ಚಿನವು ಗಾಳಿಗೆ ಮೈಯೊಡ್ಡಿ ನಿಂತ ದಿಬ್ಬದ ಮರಗಳಿಂದಲೇ ಹೊರಟಿದ್ದವು.

ಗರಗಸದ ತಂಡಕ್ಕೆ ನಕ್ಷೆ ತೋರಿಸಿ, ಮೊದಲು ದಿಬ್ಬದ ಮರ ಕಡಿಯಿರಿ ಎಂದೆ. ತಂಡದ ಹಿರಿಯ ನಕ್ಷೆಯನ್ನು ಮಡಚಿ ಕೈಗಿತ್ತು, "ಅದನ್ನು ಹೋದ ವಾರವೇ ಕಡಿದೆವು" ಎಂದ.